ಮುಳ್ಳಿಲ್ಲದ ಮೀನಿನ ದುವಿ

ಎನ್ಸೆನಾಡಾದ ಬಂದರಿನ ಮೀನು ಮಾರುಕಟ್ಟೆಯಲ್ಲಿ ಎದುವೀಹೆಸ್ ಮುರಿಯೊಳನ್ನು ಪೂರ್ತಿ ಹೆಸರಿನಿಂದ ಕರೆಯುವವರಿಲ್ಲ. ದುವಿ ಅಂದರೆ ಸಾಕು. ಮೂವತ್ತೊಂದು ವರ್ಷದಿಂದ ಒಂದೇ ಅಂಗಡಿ, ಒಂದೇ ಕಟ್ಟೆ, ಒಂದೇ ಕೆಲಸ: ಇಡೀ ಮೀನನ್ನು ಸೀಳಿ, ಮುಳ್ಳು ತೆಗೆದು, ಹೋಳು ಮಾಡಿ ಕೊಡುವುದು. ಚಿಕ್ಕ ಮಕ್ಕಳಿರುವ ತಾಯಂದಿರು ಪಕ್ಕದ ಅಂಗಡಿ ಖಾಲಿಯಿದ್ದರೂ ಅವಳ ಮುಂದೆ ಸಾಲು ನಿಲ್ಲುತ್ತಾರೆ. ದುವಿ ಕೊಯ್ದ ಮೀನಿನಲ್ಲಿ ಮುಳ್ಳು ಸಿಗುವುದಿಲ್ಲ.

ಮುಳ್ಳನ್ನು ಹುಡುಕುವುದು ಕಣ್ಣಲ್ಲ, ಎಡಗೈ. ಬಲಗೈಯಲ್ಲಿ ಚಾಕು, ಎಡಗೈಯ ಎರಡು ಬೆರಳು ಮಾಂಸದ ನಡುಗೆರೆಯ ಮೇಲೆ. ಎಲ್ಲಿ ಚುಚ್ಚಿತೋ ಅಲ್ಲಿ ಚಾಕು. ಆ ಎರಡು ಬೆರಳು ಈ ಚಳಿಗಾಲದಿಂದ ಜೋಮು ಹಿಡಿದಿವೆ. ಮಂಜುಗಡ್ಡೆ ನೀರಿನಲ್ಲಿ ಅದ್ದಿ ಅದ್ದಿ ನರ ಸತ್ತಿದೆ ಎಂದು ವೈದ್ಯರು ಹೇಳಿದ್ದಾರೆ. ದುವಿ ಅದನ್ನು ಗಂಡನಿಗೂ ಹೇಳಿರಲಿಲ್ಲ.

ಶುಕ್ರವಾರ ಒಬ್ಬ ಹೆಂಗಸು ವಾಪಸ್ ಬಂದು ಕಾಗದದಲ್ಲಿ ಸುತ್ತಿದ್ದ ಒಂದು ಮುಳ್ಳನ್ನು ಕಟ್ಟೆಯ ಮೇಲೆ ಇಟ್ಟಳು.

"ಮಗಳ ಗಂಟಲಲ್ಲಿ ಸಿಕ್ಕಿತ್ತು. ಈಗ ಪರವಾಗಿಲ್ಲ. ಇದು ನೀನು ಕೊಯ್ದದ್ದಾಗಿರಲ್ಲ ದುವಿ, ಆದ್ರೂ ಹೇಳ್ಬೇಕಲ್ಲ."

ಎಲ್ಲರೂ ಗೌರವದಿಂದ ದೋನ್ಯಾ ಎನ್ನುವ ಅಂಗಡಿಯ ಒಡತಿ ಎರ್ಮಿನಿಯಾ ಕಟ್ಟೆಯ ಆ ತುದಿಗೆ ತಿರುಗಿದಳು. ಅಲ್ಲಿ ಮೀನು ಕೊಯ್ಯುವವಳು ರೊಸೌರಾ. ಸೇರಿ ಎರಡು ವರ್ಷವಾಗಿದೆ.

"ಕಣ್ಣೆಲ್ಲಿಟ್ಟಿದ್ದೆ?"

"ಆ ಮೀನು ನಾನು ಕೊಯ್ದ ನೆನಪಿಲ್ಲ, ದೋನ್ಯಾ."

"ಮುಳ್ಳಿಗೆ ನಿನ್ನ ನೆನಪು ಬೇಕಿಲ್ಲ. ನಾಳೆಯಿಂದ ಚಾಕು ಮುಟ್ಬೇಡ. ಮಂಜುಗಡ್ಡೆ ಹೊರು."

ದುವಿ ತಲೆಯೆತ್ತದೆ ತನ್ನ ಹಲಗೆ ತೊಳೆದಳು. ಆ ಹೆಂಗಸು ಮೀನು ಕೊಂಡ ದಿನ ಇಬ್ಬರೂ ಒಂದೇ ರಾಶಿಯಿಂದ ಕೊಯ್ದಿದ್ದರು. ಯಾರದ್ದೆಂದು ಅವಳಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದನ್ನಾದರೂ ಹೇಳಬಹುದಿತ್ತು. ಹೇಳಲಿಲ್ಲ.

ಸೋಮವಾರ ಅಂಗಡಿಗೆ ರಜೆ. ಅವಳು ಮನೆಗೆ ಒಂದು ಇಡೀ ಕುರ್ವಿನಾ ಮೀನು ತಂದಿದ್ದಳು. ಅದರ ಮಾಂಸದೊಳಗೆ ಸಾಲಾಗಿ ಸೂಜಿಯಂಥ ಮುಳ್ಳುಗಳಿರುತ್ತವೆ.

"ರಜಾ ದಿನಾನೂ ಮೀನೇನಾ ಮುದುಕಿ?" ಎಂದ ಗಂಡ ನಸಾರಿಯೊ. ಸೊಂಟ ಹೋಗಿ ದೋಣಿ ಬಿಟ್ಟು ನಾಲ್ಕು ವರ್ಷವಾದ ಅವನು ಅಂಗಳದ ಕುರ್ಚಿಯಲ್ಲೇ ಹಗಲು ಕಳೆಯುತ್ತಾನೆ.

"ಕೆಂಡದ ಮೇಲೆ ಸುಟ್ಟು ಟ್ಯಾಕೊ ಮಾಡ್ತೀನಿ. ಬೇಡ ಅಂದ್ರೆ ನಿನ್ನೆಯ ಹುರುಳಿಕಾಯಿ ಇದೆ."

"ಬೇಡ ಅಂದವನ್ಯಾರು? ಎಣ್ಣೇಲಿ ಕರಿದಿದ್ರೆ ಇನ್ನೂ ಚೆನ್ನಾಗಿರ್ತಿತ್ತು, ಅಷ್ಟೇ."

"ಕರಿಯೋ ಬಾಣಲೆ ಮುಂದೆ ನೀನು ನಿಲ್ತೀಯಾ?"

"ನನ್ನ ಸೊಂಟಕ್ಕೆ ಬೆಂಕಿ ಊದೋದು ಮಾತ್ರ ಒಗ್ಗುತ್ತೆ ಅಂತ ವೈದ್ಯರೇ ಹೇಳಿದಾರೆ."

"ಹಾಗಾದ್ರೆ ಊದು."

ಅವನು ಹಳೆಯ ಲಾರಿ ಚಕ್ರದ ರಿಮ್ಮಿನಲ್ಲಿ ಜಾಲಿ ಇದ್ದಿಲು ಸುರಿದು ಹೊತ್ತಿಸಿದ. ದುವಿ ಒಳಗೆ ಹಲಗೆಯ ಮುಂದೆ ನಿಂತಳು. ಬೆನ್ನಿನಿಂದ ಸೀಳಿ ನಡುಮೂಳೆ ಬಿಡಿಸಿದಳು. ಸುಡುವ ಮೀನಾದ್ದರಿಂದ ಚರ್ಮವನ್ನೂ ಹುರುಪೆಯನ್ನೂ ಹಾಗೇ ಬಿಟ್ಟಳು. ಅವಿಲ್ಲದಿದ್ದರೆ ಮಾಂಸ ಕೆಂಡದ ಮೇಲಿನ ಕಂಬಿಗೆ ಅಂಟಿಕೊಂಡು ಪುಡಿಯಾಗುತ್ತದೆ. ಆಮೇಲೆ ಕಣ್ಣು ಮುಚ್ಚಿ ಎಡಗೈ ಬೆರಳು ಆಡಿಸಿದಳು. ಸಿಕ್ಕಿದ್ದನ್ನು ತೆಗೆದಳು. ಎರಡನೇ ಸಲ ಆಡಿಸಿದಾಗ ಇನ್ನೆರಡು ಸಿಕ್ಕವು. ಮೂರನೇ ಸಲ ಏನೂ ಇರಲಿಲ್ಲ. ಅಂಗಡಿಯಲ್ಲಿ ಒಂದೇ ಸಲಕ್ಕೆ ಮುಗಿಯುವ ಕೆಲಸ. ಬಲಗೈಯಿಂದ ಒಮ್ಮೆ ಸವರಿ ನೋಡಬಹುದಿತ್ತು. ನೋಡಲಿಲ್ಲ. ಅಂಗಡಿಯಲ್ಲಿ ಬಲಗೈಗೆ ಚಾಕು ಹಿಡಿಯುವುದಿರುತ್ತದೆ; ಎಡಗೈ ಒಂದೇ ಸಾಕೇ ಎಂದು ಅವಳಿಗೆ ತಿಳಿಯಬೇಕಿತ್ತು.

ಮೇಯನೇಸ್, ಸಾಸಿವೆ, ಅರೆದ ಒಣಮೆಣಸಿನಕಾಯಿ, ನಿಂಬೆರಸ ಕಲಸಿ ಮಾಂಸಕ್ಕೆ ಬಳಿದು, ಚರ್ಮ ಕೆಳಗಾಗಿ ಕಂಬಿಯ ಮೇಲೆ ಮಲಗಿಸಿದಳು. ತಿರುವಿ ಹಾಕುವಂತಿಲ್ಲ, ಕಾಯಬೇಕು. ಹುರುಪೆ ಸುಟ್ಟು ಚಿಟಪಟ ಅಂದಿತು, ಮಾಂಸ ಅಂಚಿನಿಂದ ಬೆಳ್ಳಗಾಗುತ್ತ ಬಂತು. ಅವಳು ಗೋಡೆಗೆ ಒರಗಿ ನಿಂತೇ ಇದ್ದಳು.

"ಕೂತ್ಕೊಳ್ಳೇ. ಮೀನು ಎದ್ದು ಓಡಲ್ಲ."

"ಕೂತ್ರೆ ಏಳಕ್ಕಾಗಲ್ಲ."

ಬೆಂದ ಮಾಂಸವನ್ನು ಚಮಚದಿಂದ ಚರ್ಮದ ಮೇಲಿಂದ ಕೆರೆದು, ಬೆಚ್ಚಗಿನ ಮೆಕ್ಕೆಜೋಳದ ರೊಟ್ಟಿಗಳಲ್ಲಿ ಹಾಕಿ, ಮೇಲೆ ಹೆಚ್ಚಿದ ಎಲೆಕೋಸು, ಹಸಿಮೆಣಸಿನ ಚಟ್ನಿ ಇಟ್ಟಳು. ಗಂಡನ ತಟ್ಟೆಗೆ ಮೂರು, ತನಗೆ ಎರಡು.

ಮೊದಲನೆಯದನ್ನು ನಸಾರಿಯೊ ನಾಲ್ಕು ತುತ್ತಿಗೆ ಮುಗಿಸಿದ. ಎರಡನೆಯದರ ನಡುವೆ ಅವನ ದವಡೆ ನಿಂತಿತು. ನಾಲಿಗೆಯನ್ನು ಒಳಗೆ ಮೆಲ್ಲಗೆ ಆಡಿಸಿದ, ಕೆಮ್ಮಿದವನಂತೆ ಬಾಯಿಗೆ ಕೈ ಅಡ್ಡ ಹಿಡಿದ, ಹಿಂಡಿದ ನಿಂಬೆಸಿಪ್ಪೆಯೊಂದನ್ನು ತಟ್ಟೆಯ ಅಂಚಿನಲ್ಲಿ ಮಗುಚಿದ. ಆಮೇಲೆ ಮತ್ತೆ ತಿನ್ನತೊಡಗಿದ.

"ಚಟ್ನಿ ಭಾರಿ ಖಾರ ಮಾಡಿದೀಯ," ಎಂದ.

ದುವಿ ಕೈ ಚಾಚಿ ಸಿಪ್ಪೆ ಎತ್ತಿದಳು. ಕೆಳಗೆ ಅರ್ಧ ಬೆರಳುದ್ದದ ಮುಳ್ಳು ಇತ್ತು.

"ಬಾಲದ ಕಡೇದು. ಅಲ್ಲಿ ಯಾರಿಗೂ ಸಿಗಲ್ಲ ಕಣೇ."

"ಬಾಲದಲ್ಲಿ ಈ ಮುಳ್ಳು ಇರಲ್ಲ. ಮೂವತ್ತು ವರ್ಷ ಮೀನು ಹಿಡಿದೋನು ನೀನು, ನನಗೇ ಹೇಳ್ತೀಯಾ?"

ಅವಳು ತನ್ನೆರಡು ಟ್ಯಾಕೊ ಬಿಚ್ಚಿ ಮಾಂಸವನ್ನು ಬಲಗೈಯಿಂದ ಹಿಸುಕಿದಳು. ಇನ್ನೂ ಎರಡು ಸಿಕ್ಕವು. ಕಾಗದದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು, ಬೆರಳಿನ ವಿಷಯವನ್ನೂ ಶುಕ್ರವಾರದ ವಿಷಯವನ್ನೂ ಹೇಳಿದಳು. ಹೆಚ್ಚು ಹೊತ್ತು ಹಿಡಿಯಲಿಲ್ಲ.

"ಮೊನ್ನೆ ನಿನ್ನ ಕೈಯಿಂದ ಕಾಫಿ ಲೋಟ ಜಾರಿ ಒಡೆದಾಗಲೇ ಅಂದ್ಕೊಂಡೆ," ಎಂದ ನಸಾರಿಯೊ. "ಹೇಳಿದ್ರೆ ನಿನ್ನನ್ನೂ ಮಂಜುಗಡ್ಡೆ ಹೊರೋಕೆ ಹಾಕ್ತಾಳೆ ಆ ಎರ್ಮಿನಿಯಾ."

"ಹಾಕ್ಲಿ."

"ಹೊರೋಕಾಗುತ್ತಾ?"

"ಗೊತ್ತಿಲ್ಲ. ತಿನ್ನು, ಆರಿಹೋಗುತ್ತೆ."

ಮಂಗಳವಾರ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವಳು ಆ ಕಾಗದವನ್ನು ಎರ್ಮಿನಿಯಾಳ ಮುಂದೆ ಬಿಚ್ಚಿದಳು.

"ಇದ್ಯಾವುದು?"

"ನಿನ್ನೆ ನಮ್ಮನೇಲಿ ನಾನೇ ಕೊಯ್ದ ಮೀನಿಂದು. ಎಡಗೈಗೆ ಸ್ಪರ್ಶ ಇಲ್ಲ. ಶುಕ್ರವಾರದ್ದೂ ನಂದೇ ಇರ್ಬೇಕು."

"ಇರ್ಬೇಕು ಅಂದ್ರೆ?"

"ಯಾರದ್ದು ಅಂತ ಗೊತ್ತಿಲ್ಲ. ಆದ್ರೆ ಆ ಮುಳ್ಳಿಗೆ ರೊಸೌರಾ ಬೈಸ್ಕೊಂಡಾಗ ನಾನು ಸುಮ್ನಿದ್ದೆ. ಆ ತಪ್ಪಂತೂ ನಂದೇ."

ಎರ್ಮಿನಿಯಾ ಮುಳ್ಳುಗಳ ಕಾಗದವನ್ನು ಮಡಿಸಿ ಪಕ್ಕಕ್ಕಿಟ್ಟಳು. ಆಮೇಲೆ ಮಂಜುಗಡ್ಡೆಯ ಗಾಡಿಯ ಕಡೆ ಕೂಗಿದಳು: "ರೊಸೌರಾ, ಅದನ್ನು ಬಿಟ್ಟು ಇಲ್ಲಿ ಬಾ." ದುವಿಗೆ ಹೇಳಿದ್ದು ಒಂದೇ ಮಾತು: "ತಕ್ಕಡಿ ಹತ್ತಿರ ನಿಲ್ಲು, ಸದ್ಯಕ್ಕೆ."

ರೊಸೌರಾ ಬಂದು, ದುವಿಯ ಮುಖ ನೋಡದೆ, ಹಲಗೆಯ ಮುಂದೆ ನಿಂತಳು. ದುವಿ ಚಾಕುವಿನ ಹಿಡಿಯನ್ನು ಅವಳ ಕಡೆ ಮಾಡಿ ಇಟ್ಟಳು. ಒಂಬತ್ತರ ಹೊತ್ತಿಗೆ ಸಾಲು ಬೆಳೆಯಿತು. ಮುಂದಿದ್ದವಳು ಕಂಕುಳಲ್ಲಿ ಮಗು ಇಟ್ಟುಕೊಂಡಿದ್ದಳು.

"ನೀನೇ ಕೊಯ್ದು ಕೊಡು ದುವಿ, ಪಾಪುಗೆ."

"ಎರಡು ಕಿಲೋ ನೂರು ಗ್ರಾಂ," ಎಂದಳು ದುವಿ, ಮೀನನ್ನು ತಕ್ಕಡಿಯಿಂದ ಎತ್ತುತ್ತ. "ಆ ಕಡೆ ಹೋಗಮ್ಮ. ಕೊಯ್ಯೋದು ರೊಸೌರಾ."