ಸೋರಪ್ಪನ ಬಾಯಲ್ಲಿ ನಮ್ಮಮ್ಮನ ಹಾಡು

ಶಿಕಾಗೊ ಪಕ್ಕದ ಶಾಮ್‌ಬರ್ಗ್‌ನ ಈ ಮನೆಗೆ ಬಂದ ಮೊದಲ ಭಾನುವಾರ ಬೆಳಿಗ್ಗೆ ನಮ್ಮ ಅಡುಗೆಮನೆಯ ಗೋಡೆ ಅಳತೊಡಗಿತು. ಗಂಡಸಿನ ದನಿ. ಎದೆಯಾಳದಿಂದ ಎದ್ದು, ಮೇಲೆ ಹೋಗಿ, ಅಲ್ಲಿ ಕ್ಷಣಕಾಲ ನಡುಗಿ, ಚೂರುಚೂರಾಗಿ ಕೆಳಗೆ ಬೀಳುತ್ತಿತ್ತು. ಕಾಫಿ ಲೋಟ ಹಿಡಿದು ನಿಂತಲ್ಲೇ ನಿಂತೆ. ಎದೆನೋವೋ, ಮನೆಯಲ್ಲಿ ಯಾರಾದರೂ ಹೋಗಿಬಿಟ್ಟರೋ? 911ಕ್ಕೆ ಫೋನ್ ಮಾಡಬೇಕೋ? ಮಾಡಿ, ಅವರು ಸೈರನ್ ಹಾಕಿಕೊಂಡು ಬಂದು, ಏನೂ ಆಗಿಲ್ಲ ಎಂದಾದರೆ ನಾಳೆಯಿಂದ ಮುಖ ತೋರಿಸುವುದು ಹೇಗೆ? ನಾನು ಚಿಂತಿಸಿ ಮುಗಿಸುವ ಹೊತ್ತಿಗೆ ಅಳು ನಿಂತು, ಯಾರೋ ಗಂಟಲು ಸರಿಮಾಡಿಕೊಂಡು, ಅದೇ ಅಳುವನ್ನು ಮೊದಲಿನಿಂದ ಶುರುಮಾಡಿದರು.

ನಮ್ಮದು ಟೌನ್‌ಹೌಸ್. ಒಂದಕ್ಕೊಂದು ಅಂಟಿಕೊಂಡ ಮನೆಗಳ ಸಾಲು. ಮೈಸೂರಿನಲ್ಲಾದರೆ ವಠಾರ ಎನ್ನುತ್ತಿದ್ದೆವು, ಇಲ್ಲಿ ಒಂದೊಂದು ಗ್ಯಾರೇಜ್ ಕೊಟ್ಟು ಮರ್ಯಾದೆ ಹೆಚ್ಚಿಸಿದ್ದಾರೆ. ಸರಸ್ವತೀಪುರಂನ ನಮ್ಮ ಮನೆಗೆ ಗೋಡೆ ದಪ್ಪ, ಬಾಗಿಲು ಮಾತ್ರ ಸದಾ ತೆರೆದಿರುತ್ತಿತ್ತು. ಇಲ್ಲಿ ಬಾಗಿಲು ಭದ್ರ, ಗೋಡೆ ತಟ್ಟಿದರೆ ತಮಟೆ. ಪಕ್ಕದ ಮನೆಯವರ ಕೆಮ್ಮು, ಜಗಳ, ಮಿಕ್ಸಿ ಎಲ್ಲ ಗೊತ್ತು, ಮುಖ ಗೊತ್ತಿಲ್ಲ.

ಮುಖ ಅದೇ ಸಂಜೆ ಬಂತು. ಎಪ್ಪತ್ತರ ಆಸುಪಾಸು, ಬೆಳ್ಳಿಯಂಥ ಹುರಿಮೀಸೆ, ಕೈಯಲ್ಲಿ ಪಿಸ್ತಾ ತಟ್ಟೆ. ಹೆಸರು ಸೊಹ್ರಾಬ್, ಊರು ಇರಾನ್, ಮಗಳ ಮನೆಯಲ್ಲಿ ವಾಸ. “ನಾನು ದಿನಾ ಬೆಳಿಗ್ಗೆ ಆವಾಜ್ ಮಾಡುತ್ತೇನೆ, ದಯವಿಟ್ಟು ಕ್ಷಮಿಸಿ” ಎಂದು ಎದೆಯ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ಹೇಳಿದ. ಅವನ ಭಾಷೆಯಲ್ಲಿ ಆವಾಜ್ ಎಂದರೆ ರಾಗ ಎಳೆದು ಹಾಡುವುದಂತೆ. ಆಗ ನನಗೇನು ಗೊತ್ತು? ರಾತ್ರಿ ಭಾವಮೈದುನನಿಗೆ ಫೋನ್ ಮಾಡಿ, “ಪಕ್ಕದ ಮನೆಯವನು ದಿನಾ ಆವಾಜ್ ಹಾಕ್ತಾನಂತೆ ಕಣೋ, ಮೊದಲೇ ಬಂದು ಹೇಳಿಹೋದ” ಎಂದೆ.

“ಬಿಡಬೇಡಿ ಭಾವ, ನೀವೂ ತಿರುಗಿಸಿ ಒಂದು ಆವಾಜ್ ಹಾಕಿ.”

ಹಾಕಬಹುದಿತ್ತು. ಊರಿನಲ್ಲಿ ನಾನು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತ, ಸಂಜೆ ಹೊತ್ತು ಗಣೇಶೋತ್ಸವದ ಪೆಂಡಾಲು, ಮದುವೆಯ ಆರತಕ್ಷತೆಗಳಲ್ಲಿ ಭಾವಗೀತೆ ಹಾಡುತ್ತಿದ್ದವನು. ಜನ ಊಟದ ಎಲೆ ಹುಡುಕುತ್ತಲೇ ಕೇಳುತ್ತಿದ್ದರು, ಆದರೂ ಕೇಳುತ್ತಿದ್ದರು. ಹೆಂಡತಿ ವಸುಧಾಗೆ ಇಲ್ಲಿಗೆ ಹತ್ತಿರದ ಇಟಾಸ್ಕಾದ ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಾನು ಹಿಂದೆ ಬಂದೆ. ಈಗ ಪಾತ್ರೆ ತೊಳೆಯುವಾಗ ಹಾಡುತ್ತೇನೆ. ಕೇಳುಗರು ಪಾತ್ರೆಗಳು.

ಸೊಹ್ರಾಬನ ಕಥೆ ನನಗೆ ಕಂತುಕಂತಾಗಿ ತಿಳಿಯಿತು, ಒಂದೊಂದು ಕಂತಿಗೂ ಹೊಟ್ಟೆಯುರಿ ಹೆಚ್ಚಿತು. ಇರಾನಿನ ಈಶಾನ್ಯ ಮೂಲೆಯ ಊರು. ತಾತ ದೋತಾರ್ ನುಡಿಸುತ್ತಿದ್ದ. ಎರಡೇ ತಂತಿಯ ವಾದ್ಯ; ನನಗೆ ಮೂರು ಸಪ್ತಕದ ಹಾರ್ಮೋನಿಯಂ ಇದ್ದೂ ಬಾರದ್ದು ಅವರಿಗೆ ಎರಡು ತಂತಿಯಲ್ಲಿ ಬರುತ್ತದೆ. ಹುಡುಗ ಟೆಹರಾನಿಗೆ ಓಡಿಹೋಗಿ ನಾಟಕ ಸೇರಿದ, ಸಿನಿಮಾಕ್ಕೆ ಹೋದ, ಟೀವಿ ಧಾರಾವಾಹಿಯೊಂದರಲ್ಲಿ ಕುದುರೆ ಏರಿ ಬರುವ ಅಂಚೆಯವನಾದ. ಮನೆಮನೆಯ ಹೆಂಗಸರು ಅವನ ಕಾಗದಕ್ಕೆ ಕಾದರು. ಹೆಸರು ಬಂದ ಮೇಲೆ ಸುಮ್ಮನಿರದೆ ಮೋಟರ್‌ಸೈಕಲ್ಲಿನಲ್ಲಿ ಊರೂರು ಅಲೆದು, ಕುರಿಗಾಹಿಗಳ, ಕಂಬಳಿ ನೇಯುವ ಮುದುಕಿಯರ ಹಾಡು ಕಲಿತು, ಅದನ್ನೇ ವೇದಿಕೆಯಲ್ಲಿ ಹಾಡತೊಡಗಿದ. ಆಮೇಲೆ ಅಲ್ಲಿ ಒಂದೊಂದಾಗಿ ಬಾಗಿಲು ಮುಚ್ಚಿದವಂತೆ. ಹೇಗೆ, ಏಕೆ ಎಂದು ಅವನು ಹೇಳಲಿಲ್ಲ, ನಾನು ಕೇಳಲಿಲ್ಲ. ಇಲ್ಲಿ ಈಗ ಅಳಿಯನ ಜ್ಯಾಕೆಟ್ ತೊಟ್ಟು ಹಿಮ ಬಾಚುತ್ತಾನೆ. ಅದನ್ನೂ ಕ್ಯಾಮೆರಾ ಎದುರಿದ್ದಂತೆ ಬಾಚುತ್ತಾನೆ.

ಒಮ್ಮೆ ಅವನೊಂದಿಗೆ ಇರಾನಿಗಳ ದಿನಸಿ ಅಂಗಡಿಗೆ ಹೋಗಿದ್ದೆ. ಗಲ್ಲಾದ ಹೆಂಗಸು ಅವನನ್ನು ನೋಡಿ, ಕೈಯಲ್ಲಿದ್ದ ದಾಳಿಂಬೆ ಕೆಳಗಿಟ್ಟು, ಕಣ್ಣೀರು ಹಾಕಿದಳು. ನನ್ನನ್ನು ನೋಡಿ ಶಿಕಾಗೊದಲ್ಲಿ ಇದುವರೆಗೆ ಯಾರೂ ದಾಳಿಂಬೆ ಕೆಳಗಿಟ್ಟಿಲ್ಲ. ಮನೆಗೆ ಬಂದವನು ಅವನಿಗೆ ಸೋರಪ್ಪ ಎಂದು ಹೆಸರಿಟ್ಟೆ. ನನ್ನಿಂದ ಆದ ಸೇಡು ಅಷ್ಟೇ.

“ಹೊಟ್ಟೆಕಿಚ್ಚಾ?” ಎಂದಳು ವಸುಧಾ.

“ನಂಗಾ? ನಂಗ್ಯಾಕೆ?”

“ಮೊನ್ನೆಯಿಂದ ಮೀಸೆ ಬಿಡ್ತಾ ಇದೀರಲ್ಲ, ಅದಕ್ಕೆ ಕೇಳ್ದೆ.”

ಎದೆ ಉರಿಗೆ ಡಾಕ್ಟರು ಮಾತ್ರೆ ಬರೆದುಕೊಟ್ಟಿದ್ದಾರೆ. ಕಾರಣ ಅವರಿಗೆ ಹೇಳಿಲ್ಲ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ನಮ್ಮ ಮಗಳ ಹೆಸರು ಇಂಚರ. ಹಾಡುಗಾರ ಅಪ್ಪ ಆಸೆಯಿಂದ ಇಟ್ಟ ಹೆಸರು. ಇಲ್ಲಿಯ ಶಾಲೆಯಲ್ಲಿ ಅದು ಇಂಚ್ ಆಯಿತು. ಮೈಲಿಗಳ ದೇಶದಲ್ಲಿ ನನ್ನ ಮಗಳು ಒಂದು ಇಂಚು. ಐದು ವರ್ಷದವಳಾಗಿ ಬಂದಾಗ ಕಾಗೆ, ಗುಬ್ಬಿಗಳೊಡನೆ ಕನ್ನಡದಲ್ಲೇ ಜಗಳವಾಡುತ್ತಿದ್ದವಳು ಈಗ, ಹದಿಮೂರರಲ್ಲಿ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. ಪ್ರತಿವರ್ಷ ಕನ್ನಡ ಕೂಟದ ರಾಜ್ಯೋತ್ಸವ ಬಂದಾಗ ಕೇಳುತ್ತೇನೆ, “ನನ್ನ ಜೊತೆ ಒಂದೇ ಒಂದು ಹಾಡು ಹಾಡು ಪುಟ್ಟಿ.” ಪ್ರತಿವರ್ಷ ಅದೇ ಉತ್ತರ, “ಅಪ್ಪಾ, ಪ್ಲೀಸ್. ಐ ಸೌಂಡ್ ಫನ್ನಿ.” ಅವಳ ಬಾಯಲ್ಲಿ ಕನ್ನಡ ಇನ್ನೂ ಉಳಿದಿದೆಯೋ, ನಾನು ನೋಡದಾಗ ಆರಿಹೋಯಿತೋ ಎಂಬ ಭಯ ನನಗೆ. ಬೇರೆ ಭಯಗಳೂ ಇವೆ, ಮನೆ ಬೆಚ್ಚಗಿಡುವ ಫರ್ನೇಸು, ಬೇಸ್‌ಮೆಂಟಿನ ನೀರು ಇತ್ಯಾದಿ. ಆದರೆ ಅವಕ್ಕೆಲ್ಲ ರಿಪೇರಿಯವರು ಸಿಗುತ್ತಾರೆ.

ಅಂಥವಳು ಚಳಿಗಾಲದಲ್ಲಿ ಒಂದು ದಿನ ಬಂದು, “ಕ್ಯಾನ್ ಐ ಲರ್ನ್ ದೋತಾರ್ ಫ್ರಂ ಸೊಹ್ರಾಬ್ ಅಂಕಲ್?” ಎಂದಳು. ಆಮೇಲೆ ವಾರಕ್ಕೆರಡು ಸಂಜೆ ಗೋಡೆಯಾಚೆಯಿಂದ ನನ್ನ ಮಗಳು ಪರ್ಷಿಯನ್ ಭಾಷೆಯಲ್ಲಿ ಹಾಡುವುದು ಕೇಳಿಸತೊಡಗಿತು. ಫನ್ನಿಯಾಗಿ ಕೇಳಿಸುತ್ತದೆ ಎಂಬ ನಾಚಿಕೆ ಆ ಭಾಷೆಯಲ್ಲಿ ಅವಳಿಗಿರಲಿಲ್ಲ. ನಾನು ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಜೋಡಿಸುತ್ತಿದ್ದೆ.

ಇರಾನಿಗಳ ಹೊಸವರ್ಷ ನಮ್ಮ ಯುಗಾದಿಯ ಆಸುಪಾಸಿನಲ್ಲೇ ಬರುತ್ತದೆ. ಅವರದಕ್ಕೆ ಸೊಹ್ರಾಬ್ ನಮ್ಮನ್ನು ಕರೆದು ಕೇಸರಿ ಅನ್ನ ಹಾಕಿದ್ದ. ನಮ್ಮದಕ್ಕೆ ಕರೆಯದಿದ್ದರೆ ಆಗುತ್ತದೆಯೇ? ಐದು ಗಂಟೆ ದಾರಿಯ ಫಾರ್ಮಿಂಗ್ಟನ್ ಹಿಲ್ಸ್‌ನಿಂದ ನಮ್ಮ ಗೆಳೆಯರು, ಗದಗಿನ ಡಾಕ್ಟರು ಬಸವರಾಜ್, ಹೆಂಡತಿಯೊಡನೆ ಡ್ರೈವ್ ಮಾಡಿಕೊಂಡು ಬಂದಿದ್ದರು. ಸೊಹ್ರಾಬ್ ಬೇವುಬೆಲ್ಲವನ್ನು ಔಷಧಿಯಂತೆ ನುಂಗಿ, ಒಬ್ಬಟ್ಟು ತಿಂದು ಮೀಸೆ ಒರೆಸಿಕೊಂಡು, ದೋತಾರ್ ಎತ್ತಿಕೊಂಡ. “ಈ ಮನೆಗೆ ನನ್ನದೊಂದು ಕಾಣಿಕೆ. ಈ ಗೋಡೆಯೇ ಕಲಿಸಿದ್ದು” ಎಂದ.

ಗೋಡೆ ಎರಡು ಕಡೆಗೂ ತೆಳು ಎಂಬುದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಅದು ನಮ್ಮಮ್ಮನ ಹಾಡು. ಅಮ್ಮ ತಾರಸಿಯ ಮೇಲೆ ಸಂಡಿಗೆ ಒಣಹಾಕಿ, ಕೊಡೆ ಹಿಡಿದು ಕಾಗೆ ಕಾಯುತ್ತ ಹಾಡಿಕೊಳ್ಳುತ್ತಿದ್ದದ್ದು. “ಹೇಳು ಗಾಳಿ ಹೇಳು, ತವರೂರ ಬಾಗಿಲಿಗೆ ಹೇಳು.” ಪಾತ್ರೆ ತೊಳೆಯುವಾಗ ನಾನು ಹಾಡುವುದು ಇದನ್ನೇ. ಸೊಹ್ರಾಬ್ ಕಣ್ಣು ಮುಚ್ಚಿ, ಎದೆಯ ಮೇಲೆ ಕೈಯಿಟ್ಟು, ನಾನು ಐವತ್ತು ವರ್ಷದಲ್ಲಿ ಮುಟ್ಟದ ಎತ್ತರಕ್ಕೆ ಅದನ್ನು ಒಯ್ದ. ಆದರೆ ಅವನ ನಾಲಿಗೆಗೆ ಳಕಾರ ಇಲ್ಲ.

“ಹೇಲು ಗಾಲಿ ಹೇಲು... ತವರೂರ ಬಾಗಿಲಿಗೆ ಹೇಲು...”

ಬಸವರಾಜ್ ಅವರ ಬಾಯಿಂದ ಒಬ್ಬಟ್ಟಿನ ಹೂರಣ ಹೊರಬಂತು. “ಏನ್ರೀ ಇದು! ಹಬ್ಬದ ದಿನ ಗಾಳಿಗೆ ಎಂಥಾ ಕೆಲಸಾ ಹಚ್ಯಾನ ಈ ಮನಷ್ಯಾ!” ವಸುಧಾ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ನನಗೆ, ನಿಜ ಹೇಳುತ್ತೇನೆ, ಪರಮಾನಂದವಾಯಿತು. ಕೊನೆಗೂ ಸೋರಪ್ಪನಿಗೆ ಬಾರದ್ದೊಂದು ಸಿಕ್ಕಿತು.

ಅಷ್ಟರಲ್ಲಿ ಇಂಚರ ಎದ್ದು ಅವನ ಮುಂದೆ ಕುಳಿತಿದ್ದಳು. “ನೋ ನೋ ನೋ, ಅಂಕಲ್! ದಟ್ ಮೀನ್ಸ್ ಪೂಪ್! ಲ ಅಲ್ಲ, ಳ. ನಾಲಿಗೆ ಹಿಂದಕ್ಕೆ ಮಡಚಿ. ಹೇ-ಳು. ಗಾ-ಳಿ.”

“ಹೇ...ಲು?”

“ಅಲ್ಲ ಅಲ್ಲ. ಅಪ್ಪ ಹೇಳೋದು ಕೇಳಿಲ್ವಾ? ಹಿಂಗೆ.” ಎಂದು ಹಾಡಿಯೇಬಿಟ್ಟಳು. ಮೊದಲ ಸಾಲು, ಎರಡನೆಯದು. “ತವರೂರ” ಎಂಬಲ್ಲಿ ಅಮ್ಮ ದನಿಯನ್ನು ಸ್ವಲ್ಪ ತಡೆದು ಬಿಡುತ್ತಿದ್ದಳು, ಕಾಗೆಯತ್ತ ಕೊಡೆ ಬೀಸಲು. ಆ ತಡೆಯೂ ಇತ್ತು. ನಾನು ಕಲಿಸಿರಲಿಲ್ಲ.

“ಯಾವಾಗ ಕಲಿತೆ ಪುಟ್ಟಿ?” ಎಂದೆ.

“ಕಲಿಯೋದೇನು? ಯು ಸಿಂಗ್ ಇಟ್ ಎವ್ರಿ ಸಿಂಗಲ್ ಡೇ, ಅಪ್ಪಾ.”

ನಾನು ಅತ್ತುಬಿಡಬೇಕಾದ ಗಳಿಗೆ. ಆದರೆ ಅವಳು ಕೂತಿದ್ದು ಅವನ ಮೊಣಕಾಲ ಬಳಿ, ಹಾಡಿದ್ದು ಅವನ ದೋತಾರಿಗೆ. ಕಣ್ಣೀರಿನೊಳಗೂ ಹೊಟ್ಟೆಯುರಿ ತನ್ನ ಪಾಡಿಗೆ ಇತ್ತು.

ಹೊರಡುವಾಗ ಬಾಗಿಲಲ್ಲಿ ಸೊಹ್ರಾಬ್ ನನ್ನ ಕೈ ಹಿಡಿದ. “ನನ್ನ ಮೊಮ್ಮಕ್ಕಳ ಮುಂದೆ ನಾನು ನನ್ನ ಹಾಡನ್ನು ತಪ್ಪು ಹಾಡಿದರೂ ಅವರಿಗೆ ಗೊತ್ತಾಗುವುದಿಲ್ಲ. ತಿದ್ದುವವರಿದ್ದಾರೆ ನಿಮ್ಮ ಮನೆಯಲ್ಲಿ” ಎಂದ. ಎಂದಿನ ನಟನೆಯ ದನಿಯಿರಲಿಲ್ಲ. ನಾನು ಒಬ್ಬಟ್ಟು ಕಟ್ಟಿಕೊಟ್ಟೆ.

ಈ ರಾಜ್ಯೋತ್ಸವಕ್ಕೆ ಇಂಚರ ಹಾಡುತ್ತಾಳಂತೆ. ಒಂದೇ ಷರತ್ತು: ದೋತಾರ್ ಸೊಹ್ರಾಬ್ ಅಂಕಲ್‌ನದು. ಒಪ್ಪಿದೆ. ಮೊನ್ನೆ ಅಭ್ಯಾಸದ ನಡುವೆ ಕೇಳಿದಳು, “ತವರೂರು ಅಂದ್ರೆ ಹೋಮ್‌ಟೌನಾ?”

“ಹುಡುಗಿ ಮದುವೆಯಾಗಿ ಬಿಟ್ಟುಬಂದ ಊರು.”

“ಹಾಗಾದ್ರೆ ನಂದು ಶಾಮ್‌ಬರ್ಗ್,” ಎಂದಳು, ಯೋಚಿಸದೆ. ಆಮೇಲೆ ಯೋಚಿಸಿ, “ನಿಂಗಿದ್ಯಾ ಅಪ್ಪಾ?”

ಗಂಡಸಿಗೆ ತವರು ಎನ್ನುವುದಿಲ್ಲ ಎಂದು ಹೇಳಹೊರಟವನು ನಿಲ್ಲಿಸಿದೆ. ಹೆಂಡತಿಯ ಹಿಂದೆ ಸೂಟ್‌ಕೇಸ್ ಎಳೆದುಕೊಂಡು ಬಂದವನಿಗೆ ಇನ್ನೇನು ಎನ್ನುವುದು? ಅಷ್ಟರಲ್ಲಿ ಗೋಡೆಯಾಚೆ ಸೊಹ್ರಾಬ್ ಶುರುಮಾಡಿದ. “ಹೇಳು ಗಾಳಿ ಹೇಳು...” ಇಂಚರ ಕಿವಿಯಿಟ್ಟು ಕೇಳಿ, ತಲೆದೂಗಿದಳು.

ಳಕಾರ ಸರಿಯಾಗಿತ್ತು. ನನ್ನದಕ್ಕಿಂತ ಚೆನ್ನಾಗಿತ್ತು.