ಒಳಗೆ ಕೈಹಾಕಬೇಡ ಎಂದಿದ್ದ ಗಂಗಕ್ಕ

ಗಂಗಕ್ಕ ಕುರ್ಚಿಯಲ್ಲಿ ಪೂರ್ತಿ ಕುಳಿತದ್ದನ್ನು ನಾನು ನೋಡಲೇ ಇಲ್ಲ. ತುದಿಗೆ ಕುಳಿತು, ಕೈಚೀಲವನ್ನು ಹೆಗಲಿಂದ ಇಳಿಸದೆ, ಎರಡು ಸಾಲು ಕೋಡ್ ಬರೆದು ಎದ್ದುಬಿಡುತ್ತಿದ್ದರು. ಬೈರಿದೇವರಕೊಪ್ಪದ ನಮ್ಮ ಪುಟ್ಟ ಆಫೀಸಿನಲ್ಲಿ ಬಾಗಿಲಿಂದ ಕಿಟಕಿಯವರೆಗೆ ನಡೆದು, ತಿರುಗಿ ಬಂದು, ಬರೆದ ಎರಡರಲ್ಲಿ ಒಂದನ್ನು ಅಳಿಸುತ್ತಿದ್ದರು. ಹೊಸಬರು ನೋಡಿದರೆ ಇವರಿಗೆ ಬಸ್ಸು ತಪ್ಪುತ್ತಿದೆ ಅಂದುಕೊಳ್ಳಬೇಕು. ಮೂರು ವರ್ಷ ಜೊತೆಗಿದ್ದ ನನಗೂ ಆ ಚಡಪಡಿಕೆ ಅಂಟಿಕೊಂಡಿದೆ.

ಅವರು ಕಂಪ್ಯೂಟರ್ ಓದಿದವರಲ್ಲ. ನಮ್ಮೂರ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಟ್ರ್ಯಾಕ್ಟರ್ ಬ್ರೇಕಿನ ಬಿಡಿಭಾಗ ಮಾಡುವ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಬಹಳ ವರ್ಷ ಕ್ಲಾರ್ಕ್ ಆಗಿದ್ದವರು. ತೂಕದ ಯಂತ್ರ ತೋರಿಸಿದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಸ್ಟೋರಿನ ಕಂಪ್ಯೂಟರಿನಲ್ಲಿ ಕುಟ್ಟಿ, ಅದನ್ನೇ ಮತ್ತೆ ರವಾನೆ ವಿಭಾಗದಲ್ಲಿ ಕುಟ್ಟುವುದು ಅವರ ಕೆಲಸ.

"ಒಂದಽ ನಂಬರ್ ಮೂರು ಕಡೆ ಬರದು ಬರದು ತಲಿ ಕೆಟ್ಟಿತ್ತು. ಈ ಮಷೀನ್ ಆ ಮಷೀನಿಗೆ ತಾನಽ ಯಾಕ ಹೇಳಬಾರದು ಅಂತ ಎಲ್ಲಾರಿಗೂ ಕೇಳಿದೆ. ಯಾರೂ ಹೇಳಲಿಲ್ಲ. ಅದಕ್ಕಽ ಕಲತೆ," ಎನ್ನುತ್ತಿದ್ದರು.

ಕಾರ್ಖಾನೆಗಳಿಗೆ ನಾವು ಹಾಕಿಕೊಡುತ್ತಿದ್ದದ್ದು ಓಪನ್ ಸೋರ್ಸ್ ಸಾಫ್ಟ್‌ವೇರ್. ಹಲವು ದೇಶದವರು ಸೇರಿ ಬರೆದದ್ದು. ಯಾರು ಬೇಕಾದರೂ ಬಿಚ್ಚಿ ನೋಡಬಹುದು, ತಿದ್ದಬಹುದು. ಖರೀದಿ, ದಾಸ್ತಾನು, ಉತ್ಪಾದನೆ, ಸಂಬಳ ಎಲ್ಲವೂ ಅದರಲ್ಲಿ ಒಂದೇ ಮುದ್ದೆ. ಹೊರಗಿನ ಬೇರೆ ಅಪ್ಲಿಕೇಶನ್ ಅದರೊಡನೆ ಮಾತಾಡಲು ಸರಿಯಾದ ದಾರಿಯಿರಲಿಲ್ಲ. ಹಾಗಾಗಿ ಎಲ್ಲರೂ ಅದರ ಹೊಟ್ಟೆಯೊಳಗೇ ತಿದ್ದುತ್ತಿದ್ದರು. ಹೊಸ ಆವೃತ್ತಿ ಬಂದೊಡನೆ ತಿದ್ದಿದ್ದೆಲ್ಲ ಅಳಿಸಿಹೋಗುತ್ತಿತ್ತು.

"ಒಳಗ ಕೈ ಹಾಕಬ್ಯಾಡ ತಮ್ಮಾ," ಎಂದು ಗಂಗಕ್ಕ ಮೊದಲ ವಾರವೇ ಹೇಳಿದ್ದರು. "ಹೊರಗಿನವರು ಎಲ್ಲಿ ನಿಂತು ಕೇಳಬೇಕು, ಏನು ಕೇಳಬೇಕು, ಅದನ್ನ ಮೊದಲ ಗೊತ್ತು ಮಾಡು."

ನಾನು ಕೈ ಹಾಕಿದೆ. ಅವರ ಹಳೆಯ ಕಾರ್ಖಾನೆಯವರೇ ಬಂದು, ಬ್ರೇಕ್ ಭಾಗಗಳನ್ನು ಪರೀಕ್ಷಿಸುವ ಅಪ್ಲಿಕೇಶನ್ನನ್ನು ನಮ್ಮ ಸಾಫ್ಟ್‌ವೇರಿಗೆ ಜೋಡಿಸಿಕೊಡಿ ಎಂದಿದ್ದರು. ಗಂಗಕ್ಕ ಒಂದು ತಿಂಗಳು ಬೇಕೆಂದರು. ಅವರು ರಜೆಯಲ್ಲಿದ್ದಾಗ ನಾನು ಒಳಗೇ ತಿದ್ದಿ ಎರಡು ದಿನದಲ್ಲಿ ಮುಗಿಸಿದೆ. ಎಲ್ಲರೂ ಹೊಗಳಿದರು. ಹೇಗೆ ಮಾಡಿದೆನೆಂದು ಯಾರಿಗೂ ಹೇಳಲಿಲ್ಲ.

ಕೆಲವು ತಿಂಗಳ ನಂತರ ಆ ಕಾರ್ಖಾನೆಗೆ ಹೊಸ ಆವೃತ್ತಿ ಹಾಕಿದೆವು. ಮರುದಿನ ಬೆಳಿಗ್ಗೆ ನಾವಿಬ್ಬರೂ ಅಲ್ಲಿದ್ದಾಗ ಪರೀಕ್ಷಾ ವಿಭಾಗದ ಈರಪ್ಪ ಬಂದು ಕೇಳಿದ.

"ಅಕ್ಕಾರ, ನಿನ್ನೆ ಫೇಲ್ ಆದ ಮಾಲು ಜಾಗಾದಾಗ ಇಲ್ಲಲ್ರಿ?"

ಗಂಗಕ್ಕ ಪರದೆ ನೋಡಿದರು. ನನ್ನ ತಿದ್ದುಪಡಿ ಅಳಿಸಿಹೋಗಿತ್ತು. ಫೇಲ್ ಎಂಬ ಸುದ್ದಿ ತಲುಪದ ಕಾರಣ ಸಾಫ್ಟ್‌ವೇರ್ ಎಲ್ಲವನ್ನೂ ಪಾಸ್ ಎಂದುಕೊಂಡಿತ್ತು. ಆ ಮಾಲನ್ನೂ ತುಂಬಿಕೊಂಡ ಲಾರಿ ಹೊರಟು ಕಾಲು ಗಂಟೆಯಾಗಿತ್ತು. ಡ್ರೈವರ್ ಫೋನ್ ಎತ್ತಲಿಲ್ಲ.

ಅವರ ಸ್ಕೂಟರಿನ ಹಿಂದೆ ಕುಳಿತು ಹೋದದ್ದು ನನಗೆ ಸರಿಯಾಗಿ ನೆನಪಿಲ್ಲ. ಅವರ ಹೆಗಲಿನ ಚೀಲ ನನ್ನ ಎದೆಗೆ ಬಡಿಯುತ್ತಿದ್ದದ್ದಷ್ಟೇ ನೆನಪಿದೆ. ಹೆದ್ದಾರಿಯ ಬದಿಯ ಚಹಾದಂಗಡಿಯೆದುರು ಲಾರಿ ನಿಂತಿತ್ತು. ಗಂಗಕ್ಕ ಅದರ ಮುಂದೆಯೇ ಸ್ಕೂಟರ್ ನಿಲ್ಲಿಸಿ, ಗಾಡಿ ತಿರುಗಿಸಲು ಹೇಳಿದರು.

"ಕಾಗದ ನೋಡ್ರಿ ಬೇಕಾದ್ರ, ಪಾಸ್ ಅಂತ ಐತ್ರಿ," ಎಂದ ಡ್ರೈವರ್.

"ಕಾಗದ ಪಾಸ್ ಆಗೇತಿ, ಮಾಲು ಆಗಿಲ್ಲ. ಬ್ರೇಕ್ ಅದಾವಪ್ಪ ಅವು. ಯಾರರ ಅದನ್ನ ನಂಬಿ ಕಾಲಿಡ್ತಾರ."

ಲಾರಿ ತಿರುಗಿತು. ಮ್ಯಾನೇಜರ್ ನಮ್ಮಿಬ್ಬರನ್ನೂ ಎದುರು ನಿಲ್ಲಿಸಿಕೊಂಡು ಇದು ಯಾರ ತಪ್ಪೆಂದು ಕೇಳಿದರು. ಗಂಗಕ್ಕ ನನ್ನ ಕಡೆ ನೋಡಿದರು. ನಾನು ನೆಲ ನೋಡಿದೆ. ಕೊನೆಗೆ ಗಂಗಕ್ಕನೇ, "ನಮ್ಮದಽ ತಪ್ಪ್ರಿ," ಎಂದರು. ಆ ವಿಷಯವನ್ನು ಮತ್ತೆಂದೂ ಎತ್ತಲಿಲ್ಲ. ಬೈದಿದ್ದರೆ ನಾನು ನಿದ್ದೆ ಮಾಡುತ್ತಿದ್ದೆ.

ಅಲ್ಲಿಂದ ಅವರು ಹಿಡಿದದ್ದು ಒಂದೇ ಕೆಲಸ. ಯಾವ ಹೊರಗಿನ ಅಪ್ಲಿಕೇಶನ್ ಬಂದರೂ ಒಳಗನ್ನು ಮುಟ್ಟದೆ ಕೇಳುವ, ಹೇಳುವ ವ್ಯವಸ್ಥೆಯನ್ನು ಮೂಲ ಸಾಫ್ಟ್‌ವೇರಿಗೇ ಸೇರಿಸುವುದು. ಆರು ತಿಂಗಳು ಬರೆದು, ಆ ಸಾಫ್ಟ್‌ವೇರನ್ನು ನೋಡಿಕೊಳ್ಳುವ ಹೊರದೇಶದ ಗುಂಪಿಗೆ ಕಳಿಸಿದರು. ಇಷ್ಟು ದೊಡ್ಡದನ್ನು ಒಮ್ಮೆಲೇ ಪರಿಶೀಲಿಸಲಾಗದು ಎಂದು ಆ ಗುಂಪಿನವರು ತಿರಸ್ಕರಿಸಿದರು. ನನಗೆ ಸಿಟ್ಟು ಬಂತು. ಗಂಗಕ್ಕ ನಾಲ್ಕು ಸಲ ಓಡಾಡಿ ಬಂದು ಹೇಳಿದರು:

"ಅವರು ಹೇಳೂದು ಖರೇ ಐತಿ. ಒಂದು ಗಂಟು ಬಿಚ್ಚಾಕ ಹೋಗಿ ನಾನಽ ಇನ್ನೊಂದು ಕಟ್ಟೇನಿ."

ಅದನ್ನು ಹನ್ನೊಂದು ಸಣ್ಣ ಭಾಗ ಮಾಡಿದರು. ಒಂದೊಂದಾಗಿ ಹತ್ತು ಒಪ್ಪಿಗೆಯಾದವು. ಪ್ರತಿಯೊಂದಕ್ಕೂ ವಾರಗಟ್ಟಲೆ ಕಾಯಬೇಕು. ಕಾಯುವುದು ಅವರಿಗೆ ಬರುತ್ತಲೇ ಇರಲಿಲ್ಲ.

ಒಂದು ಶನಿವಾರ ಸಂಜೆ ಅವರ ಸ್ಕೂಟರ್ ಕೆಟ್ಟಿತ್ತೆಂದು ಕಮರಿಪೇಟೆಯ ಅವರ ಮನೆಗೆ ಬೈಕಿನಲ್ಲಿ ಬಿಟ್ಟೆ. ಆ ತಪ್ಪು ನನ್ನದೆಂದು ಇವತ್ತು ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಓಣಿಯ ಬಾಯಲ್ಲಿ ಇಳಿದವರು, "ಸೋಮವಾರ ಲಗೂನ ಬಾ, ಕೆಲಸ ಭಾಳ ಐತಿ," ಎಂದು ಹೊರಟೇಬಿಟ್ಟರು. ಕರೆಯಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ತಿರುವಿನಲ್ಲಿ ಮರೆಯಾದರು. ಭಾನುವಾರ ಮಧ್ಯಾಹ್ನ ಮೆದುಳಿನಲ್ಲಿ ರಕ್ತಸ್ರಾವವಾಗಿ, ಆಸ್ಪತ್ರೆ ಮುಟ್ಟುವ ಮೊದಲೇ ತೀರಿಕೊಂಡರು.

ಮೂರು ವಾರ ಕಳೆದು ಹನ್ನೊಂದನೆಯ ಭಾಗದ ಬಗ್ಗೆ ಒಂದು ಪ್ರಶ್ನೆ ಬಂತು. ಕಾಣದ ಯಾವುದೋ ದೇಶದವರೊಬ್ಬರು, ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಓದುವ ಪುಟದಲ್ಲಿ, ಗಂಗಕ್ಕನ ಹೆಸರು ಹಿಡಿದೇ ಕೇಳಿದ್ದರು. ಪರೀಕ್ಷೆಯ ಕಡೆಯಿಂದ ಉತ್ತರವೇ ಬರದಿದ್ದರೆ ಮಾಲನ್ನು ತಡೆದಿಡಬೇಕೆಂದು ಏಕೆ ಬರೆದಿದ್ದೀರಿ? ಆ ಕಡೆ ಸುಮ್ಮನಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳಬಹುದಲ್ಲ?

ಎರಡು ದಿನ ಆ ಪುಟವನ್ನು ತೆರೆಯುವುದು, ಮುಚ್ಚುವುದು ಮಾಡಿದೆ. ಮೂರನೆಯ ದಿನ ಉತ್ತರ ಬರೆದೆ. ಎರಡು ದಿನದಲ್ಲಿ ಮಾಡಿದ ತಿದ್ದುಪಡಿ, ಹೋದ ಲಾರಿ, ಮ್ಯಾನೇಜರ್ ಕೇಳಿದ ಪ್ರಶ್ನೆ, ಯಾವುದನ್ನೂ ಬಿಡಲಿಲ್ಲ. ಕೊನೆಯಲ್ಲಿ, ಇದನ್ನು ಬರೆದ ಗಂಗಕ್ಕ ಈಗಿಲ್ಲ, ಅಂದು ಸುಮ್ಮನೆ ನಿಂತವನು ನಾನು ಎಂದು ಸೇರಿಸಿ, ಕೆಳಗೆ ನನ್ನ ಹೆಸರು ಹಾಕಿದೆ.