ಹನ್ನೊಂದನೇ ಕಲ್ಲು

ಪಕ್ಕದ ಹಳೆಯ ಊರಿನ ಅಜ್ಜಿಯ ಕೈ ಮುರಿದವರು ಯಾರು ಎಂದು ಪೊಲೀಸ್ ಠಾಣೆಯಲ್ಲಿ ನನ್ನನ್ನು ಎರಡು ಸಲ ಕೇಳಿದರು. ಎರಡು ಸಲವೂ ಕಂಡದ್ದನ್ನೇ ಹೇಳಿದೆ. ಅಜ್ಜಿಯ ಮಗ ಕೊಟ್ಟ ದೂರಿನಲ್ಲಿ, ಅರಣ್ಯ ಇಲಾಖೆಯ ವಾಚರ್ ತನ್ನ ತಾಯಿಯ ಕೈ ಮುರಿದ ಎಂದಿತ್ತು. ವಾಚರ್ ಗುತ್ತಿಗೆಯ ಮೇಲೆ ಇದ್ದವನು. ಆ ದೂರು ಸಾಬೀತಾದರೆ ಅವನಿಗೆ ಜೈಲು. ಕೆಲಸವಂತೂ ಅದಕ್ಕೂ ಮೊದಲೇ ಹೋಗುತ್ತಿತ್ತು. ಹೊಡೆತ ಬಿದ್ದಾಗ ಮೂರು ಹೆಜ್ಜೆ ದೂರದಲ್ಲಿ ನಿಂತಿದ್ದವನು ನಾನೊಬ್ಬನೇ.

ನಾನು ಜಯನಗರದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಲ್ಯಾಬ್ ನೋಡಿಕೊಳ್ಳುತ್ತೇನೆ. ಮನೆ ಜೆ.ಪಿ. ನಗರದ ಅಂಚಿನಲ್ಲಿ. ನಮ್ಮ ಬಡಾವಣೆಯ ಕೊನೆಯ ಅಡ್ಡರಸ್ತೆ ಮುಗಿಯುವಲ್ಲಿ ಮೀಸಲು ಅರಣ್ಯದ ಗೇಟಿದೆ. ಒಳಗೆ ನೀಲಗಿರಿ, ಜಾಲಿ, ಎದೆಯೆತ್ತರದ ಲಂಟಾನ. ಬೆಳಿಗ್ಗೆ ಅಲ್ಲಿ ನಡೆಯಲು ಹೋಗುತ್ತಿದ್ದೆ. ಗೇಟಿನಲ್ಲಿ ಆ ವಾಚರ್ ಇರುತ್ತಿದ್ದ. ಮನೆ ಒಡೆದ ಮಣ್ಣು ಸುರಿಯಲು ಬರುವ ಟೆಂಪೋಗಳಿಗೆ ಅಡ್ಡ ನಿಂತು ಜಗಳವಾಡುವುದೇ ಅವನ ದಿನದ ಕೆಲಸ. ಆ ದಿನ ನನ್ನನ್ನು ತಡೆದ.

"ಮೇಷ್ಟ್ರೇ, ಇವತ್ತು ವಾಕಿಂಗ್ ಬೇಡ. ಪಂಚರಾಗ್ಬಿಡಿ."

"ಅಂದ್ರೆ?"

"ಗಡಿ ಸರ್ವೆ ಐತೆ. ಅಳೆದಿದ್ದು ನೋಡಿದ್ವಿ ಅಂತ ಇಬ್ರು ಸೈನ್ ಹಾಕ್ಬೇಕು. ಹಾಲಿನ ಬೂತ್ ಅಂಕಲ್ ಒಪ್ಪವ್ರೆ. ಆದ್ರೆ ಅವ್ರು ಕುರ್ಚಿ ಬಿಟ್ಟು ಏಳಲ್ಲ. ಅಲ್ಲಿಂದ್ಲೇ ನೋಡ್ತಾರಂತೆ."

ಹಾಗೆ ನಾನು ಸಾಕ್ಷಿಯಾದೆ.

ಸರ್ವೆಗೆ ಬಂದವರು ಒಬ್ಬರೇ. ಸಣಕಲು ಮನುಷ್ಯ, ಕನ್ನಡಕ, ತಲೆಗೆ ಟೋಪಿ. ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಅಳತೆಯ ಯಂತ್ರ. ಕೈಯಲ್ಲಿ ಮಹಾರಾಜರ ಕಾಲದ ಅಧಿಸೂಚನೆಯ ಜೆರಾಕ್ಸ್. ಕಾಡಿನ ಗಡಿಯನ್ನು ಅದರಲ್ಲಿ ಕಲ್ಲುಗಳ ಲೆಕ್ಕದಲ್ಲಿ ಬರೆದಿದ್ದರು: ಕೆರೆಯ ಕೋಡಿಯಿಂದ ಶುರುವಾಗಿ, ಇಷ್ಟನೇ ಕಲ್ಲಿನಿಂದ ಇಷ್ಟನೇ ಕಲ್ಲಿಗೆ, ಯಾವ ದಿಕ್ಕಿಗೆ, ಎಷ್ಟು ದೂರ. ಹತ್ತನೇ ಕಲ್ಲು ಸಿಕ್ಕಿತು. ಹನ್ನೆರಡನೆಯದೂ ಇರಬೇಕಾದಲ್ಲೇ ಇತ್ತು. ಹನ್ನೊಂದನೆಯದು ಮಾತ್ರ ಗೆರೆ ಬಿಟ್ಟು ಮೂವತ್ತು ಹೆಜ್ಜೆ ಕಾಡಿನೊಳಗೆ, ಒಂದು ಬೇವಿನ ಮರದ ಕೆಳಗೆ ನಿಂತಿತ್ತು. ಅರಿಶಿನ, ಕುಂಕುಮ, ಕಣಗಿಲೆ ಹೂವಿನ ಹಾರ, ಪಕ್ಕದಲ್ಲಿ ನಿಂಬೆಹಣ್ಣು ಚುಚ್ಚಿದ ಒಂದು ಸಣ್ಣ ತ್ರಿಶೂಲ. ಕಲ್ಲು ಮುನೇಶ್ವರನಾಗಿತ್ತು.

ಆ ಮೂವತ್ತು ಹೆಜ್ಜೆಯ ನಡುವೆ ಒಂದು ಬೋರ್‌ವೆಲ್, ಮೋಟರ್ ಮನೆ, ನೀರಿನ ಟ್ಯಾಂಕರ್ ನಿಲ್ಲಿಸುವ ತಗಡಿನ ಶೆಡ್ಡು. ಹಳೆಯ ಊರಿನ ಮನೆತನದವರದು. ನಮ್ಮ ಬಡಾವಣೆ ಒಂದು ಕಾಲಕ್ಕೆ ಅವರ ರಾಗಿ ಹೊಲ. ಈಗ ಸುತ್ತಮುತ್ತಲಿನ ಅಪಾರ್ಟ್‌ಮೆಂಟುಗಳಿಗೆ ನೀರು ಹಾಕುತ್ತಾರೆ. ಒಂದನ್ನು ಇಲ್ಲಿ ಹೇಳಬೇಕು: ಶೆಡ್ಡು ಆ ಕಲ್ಲಿನವರೆಗೆ ಬಂದಿತ್ತು, ಒಂದು ಅಂಗುಲವೂ ದಾಟಿರಲಿಲ್ಲ. ಕಲ್ಲನ್ನು ಅವರು ಗಡಿಯೆಂದು ನಂಬಿದ್ದರು.

"ಹಳಬ್ರು ಕಲ್ಲು ನೆಡೋವಾಗ ಗುಂಡಿಗೆ ಇದ್ದಿಲು ಸುರೀತಿದ್ರು ಸಾರ್," ಎಂದರು ಸರ್ವೆಯವರು. "ಕಲ್ಲು ಕಿತ್ಕೊಂಡು ಹೋದ್ರೂ ಇದ್ದಿಲು ಅಲ್ಲೇ ಇರುತ್ತೆ, ಕೊಳೆಯಲ್ಲ. ಇದರ ಬುಡದಲ್ಲಿ ಇದ್ದಿಲು ಸಿಕ್ರೆ ನನ್ ಲೆಕ್ಕ ತಪ್ಪು. ಸಿಗ್ಲಿಲ್ಲ ಅಂದ್ರೆ ಕಲ್ಲೇ ನಡ್ಕೊಂಡು ಬಂದಿದೆ."

"ಮುನೇಶ್ವರ ನಡೀತಾನೆ ಬಿಡಿ ಸಾರ್. ಅವನಿಗೆ ಯಾವ ಗೇಟು," ಎಂದ ವಾಚರ್. ಬೂಟು ಬಿಚ್ಚಿಟ್ಟು, ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಹಾರೆ ಎತ್ತಿಕೊಂಡ. ಮೊಣಕೈ ಆಳ ಅಗೆದಿರಬೇಕು. ಕೆಂಪು ಮಣ್ಣು ಬಿಟ್ಟು ಏನೂ ಸಿಗಲಿಲ್ಲ.

ಅಷ್ಟರಲ್ಲಿ ಆ ಮನೆತನದ ಅಜ್ಜಿಯ ಮಗ ಬೈಕಿನಲ್ಲಿ ಬಂದ. ನಲವತ್ತು ದಾಟಿದ ಗಟ್ಟಿ ಆಳು. ಬೈಕಿಗೆ ನಿಧಾನವಾಗಿ ಸ್ಟ್ಯಾಂಡ್ ಹಾಕಿದ. ದನಿ ಏರಿಸಲಿಲ್ಲ.

"ಏನ್ ಗುರು, ನಮ್ ದೇವ್ರ ಬುಡಕ್ಕೇ ಕೈ ಹಾಕಿದೀರ?"

"ಸರ್ಕಾರಿ ಕೆಲಸ ಅಣ್ಣ. ಗಡಿ ನೋಡ್ತಿದೀವಿ," ಎಂದರು ಸರ್ವೆಯವರು.

"ಗಡಿ ನಿನ್ ಕಣ್ಣಿಗೆ ಕಾಣ್ತಿಲ್ವಾ? ಕುಂಕುಮ ಹಚ್ಚಿ ನಿಲ್ಸಿದೀವಿ. ಕನ್ನಡಕ ಬೇರೆ ಹಾಕಿದೀಯ."

ಕನ್ನಡಕ ಎನ್ನುವಾಗಲೇ ಸ್ಟ್ಯಾಂಡಿಗೆ ಒದ್ದ. ಯಂತ್ರ ಗಾಜಿನ ಕಡೆಯಿಂದ ನೆಲಕ್ಕೆ ಬಿತ್ತು. ಸರ್ವೆಯವರು ಅದನ್ನು ಎತ್ತಲು ಬಾಗಿದರು. ಬಾಗಿದ ಮುಖಕ್ಕೆ ಮೊದಲ ಏಟು. ಎರಡನೆಯದಕ್ಕೆ ಕನ್ನಡಕ ಹೋಯಿತು. ಮೂರನೆಯದಕ್ಕೆ ಮೂಗಿನಿಂದ ರಕ್ತ ಬಂದು ಅಧಿಸೂಚನೆಯ ಹಾಳೆಯ ಮೇಲೆ ಸುರಿಯಿತು. ನಾನು ಎಣಿಸುತ್ತಿದ್ದೆ. ಬಿಡಿಸಲು ಹೋಗಲಿಲ್ಲ. ಕಾಲು ಏಳಲಿಲ್ಲ ಎಂದು ಬರೆಯಬಹುದು, ಆದರೆ ಕಾಲು ಸರಿಯಾಗಿಯೇ ಇತ್ತು.

ಹೋದವನು ವಾಚರ್. ಮಗನನ್ನು ಹಿಡಿಯಲು ಎರಡೂ ಕೈ ಬೇಕಾಗಿ ಹಾರೆಯನ್ನು ನೆಲಕ್ಕೆ ಹಾಕಿದ. ಮಗ ಅದನ್ನು ಎತ್ತಿಕೊಂಡ. ಹಾರೆಯ ಮೊಂಡು ತುದಿ ವಾಚರ್‌ನ ಹಣೆಗೆ ತಾಗಿ, ಹುಬ್ಬಿನ ಮೇಲೆ ಚರ್ಮ ಬಾಯಿ ತೆರೆದಂತೆ ಬಿಟ್ಟುಕೊಂಡಿತು. ಅವನು ಕಲ್ಲಿನ ಪಕ್ಕ ಮೊಣಕಾಲೂರಿ ಕೂತುಬಿಟ್ಟ. ಸರ್ವೆಯವರು ಮೂಗು ಹಿಡಿದುಕೊಂಡು ರಸ್ತೆಯ ಕಡೆ ಓಡಿದರು.

ಅವನ ತಾಯಿ, ಆ ಅಜ್ಜಿ, ಅದೇ ಹೊತ್ತಿಗೆ ದಿನದ ಪೂಜೆಗೆ ಚೊಂಬು ಹಿಡಿದು ಬಂದರು. ಎಪ್ಪತ್ತೈದರ ಆಚೆಯ ವಯಸ್ಸು. ಹೊಡೆದಾಟ ನೋಡಿ ಕಿರುಚಲಿಲ್ಲ. ಚೊಂಬನ್ನು ಕೆಳಗಿಟ್ಟರು.

"ಅವನಿಗ್ಯಾಕ್ ಹೊಡೀತೀಯೋ? ಸ್ವಾಮಿ ಮೊದ್ಲು ಇಲ್ಲಿರ್ಲಿಲ್ಲ."

"ನೀನ್ ಮನೆಗೋಗವ್ವ."

"ಇರ್ಲಿಲ್ಲ ಅಂದ್ನಲ್ಲ. ರಸ್ತೆ ಮಾಡೋವಾಗ ಜೆಸಿಬಿಯೋನು ಕೆಡವಿ ಬಿಸಾಕಿದ್ದ. ಗೀಟು ಗೀಟು ಕೆತ್ತಿರೋ ಕಲ್ಲು, ದೇವ್ರಲ್ದೆ ಇನ್ನೇನು? ನಾಯಿಗಳು ಕಾಲೆತ್ತುತಿದ್ವು. ನಾನೇ ಆಳುಗಳ ಕೈಲಿ ಹೊರ್ಸಿ ಬೇವಿನ ನೆರಳಿಗೆ ತರ್ಸಿದೆ. ನಿನ್ ಮೋಟ್ರು ಮನೆ ಹಿಂದ್ಗಡೆ, ರಸ್ತೆ ಕಡೆ ಮೂಲೇಲಿ ಬಿದ್ದಿದ್ದ."

ಮಗ ತಿರುಗಿ ಮೋಟರ್ ಮನೆಯತ್ತ ನೋಡಿದ. ತಾಯಿ ತೋರಿಸಿದ ಮೂಲೆಯೇ ಗಡಿಯಾದರೆ ಬೋರ್‌ವೆಲ್ಲು, ಶೆಡ್ಡು, ಟ್ಯಾಂಕರು ಎಲ್ಲವೂ ನಿಂತಿರುವುದು ಕಾಡಿನಲ್ಲಿ. ಅವನಿಗೆ ಅದು ಅರ್ಥವಾಗುವುದನ್ನು ನಾನು ನೋಡಿದೆ. ಅಜ್ಜಿಗೆ ಅರ್ಥವಾಗಿರಲಿಲ್ಲ. ಕಲ್ಲಿನ ಮೇಲೆ ವಾಚರ್‌ನ ರಕ್ತ ಸಿಡಿದಿತ್ತು. ಅದನ್ನು ಒರೆಸಲು ಬಾಗಿ, ಎಡಗೈಯನ್ನು ಕಲ್ಲಿನ ತಲೆಯ ಮೇಲಿಟ್ಟು, ಬಲಗೈಯಲ್ಲಿ ಸೆರಗು ತೆಗೆದುಕೊಂಡರು.

ಮಗ ವಾಚರ್‌ನ ಮೇಲೆ ಹಾರೆ ಬೀಸಿದ. ತಾಯಿ ಬಾಗಿದ್ದನ್ನು ನೋಡಿದನೋ ಇಲ್ಲವೋ ನಾನು ಹೇಳಲಾರೆ. ಅವರ ತಲೆ ಅದರ ದಾರಿಯಲ್ಲಿತ್ತು. ವಾಚರ್ ಕೂತಲ್ಲಿಂದಲೇ ಅವರ ಭುಜ ಹಿಡಿದು ತನ್ನ ಕಡೆಗೆ ಜೋರಾಗಿ ಎಳೆದ. ತಲೆ ತಪ್ಪಿತು. ಕಲ್ಲಿನ ಮೇಲಿದ್ದ ಎಡಗೈ ತಪ್ಪಲಿಲ್ಲ. ಸದ್ದು ಚಿಕ್ಕದು, ಪೊರಕೆಕಡ್ಡಿ ಮುರಿದಷ್ಟು. ಆಮೇಲೆ ಅಜ್ಜಿ ತಮ್ಮ ಮೊಣಕೈಯ ಕೆಳಗೆ ಹೊಸದಾಗಿ ಮೂಡಿದ್ದ ಒಂದು ಮೂಲೆಯನ್ನು ನೋಡುತ್ತಾ ಕೂತರು.

ಸರ್ವೆಯವರು ಪೊಲೀಸರನ್ನು ಕರೆತಂದರು. ಅಜ್ಜಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ, ಅವರು ಹೇಳಿದ ಮೂಲೆಯನ್ನು ಸರ್ವೆಯವರು ಅಗೆಸಿದರು. ಮೊಣಕೈ ಆಳದಲ್ಲೇ ಇದ್ದಿಲು ಬಂತು. ಮೂಗಿಗೆ ಹತ್ತಿ ತುರುಕಿಕೊಂಡೇ ಅದನ್ನು ಖಾಲಿ ಹಾಲಿನ ಕವರಿಗೆ ತುಂಬಿದರು. ಅದಕ್ಕೆ ನಾನು ಸಹಿ ಹಾಕಿದೆ. ಗಡಿಯ ಮಾತು ಅಲ್ಲಿಗೆ ಮುಗಿಯಿತು. ಕೈಯ ಮಾತು ಉಳಿಯಿತು.

ಠಾಣೆಯಲ್ಲಿ ಸಬ್ ಇನ್ಸ್‌ಪೆಕ್ಟರ್ ಕೇಳಿದರು. "ವಾಚರ್ ಅಜ್ಜೀನ ಎಳೆದ್ನಾ?"

"ಎಳೆದ."

"ಜೋರಾಗಿ?"

"ಜೋರಾಗಿ."

"ಸರಿ, ಸಾಕು."

"ಸಾಕಾಗಲ್ಲ ಸಾರ್. ಹಾರೆ ಮಗನ ಕೈಲಿತ್ತು. ಎಳೀದಿದ್ರೆ ತಲೆಗೆ ಬೀಳ್ತಿತ್ತು."

ಅವರು ಬರೆದುಕೊಂಡರು. ಎಷ್ಟನ್ನು ಬರೆದುಕೊಂಡರೋ ಮೇಜಿನ ಈಚೆಯಿಂದ ಕಾಣಲಿಲ್ಲ. ಹೊರಗೆ ಬೆಂಚಿನ ಮೇಲೆ ವಾಚರ್ ಹಣೆಗೆ ಪಟ್ಟಿ ಕಟ್ಟಿಸಿಕೊಂಡು ಕೂತಿದ್ದ.

"ಎಳ್ದ ಅಂತ ಯಾಕ್ ಹೇಳಕ್ಕೋದ್ರಿ ಮೇಷ್ಟ್ರೇ?"

"ಎಳೆದೆಯಲ್ಲಪ್ಪ."

"ಎಳ್ದೆ," ಎಂದ. ನೆಲ ನೋಡುತ್ತಾ ಇನ್ನೊಂದು ಸಲ ಹೇಳಿದ. "ಎಳ್ದೆ."

ಮಾರನೆಯ ದಿನ ಅಜ್ಜಿಯ ಹೇಳಿಕೆ ಪಡೆಯಲು ಕಾನ್‌ಸ್ಟೇಬಲ್ ಆಸ್ಪತ್ರೆಗೆ ಹೋದರು. ನನ್ನನ್ನೂ ವಾಚರ್‌ನನ್ನೂ ಕರೆಸಿದ್ದರು. ವಾರ್ಡಿನಲ್ಲಿ ಅಜ್ಜಿ ದಿಂಬಿಗೊರಗಿ ಕೂತಿದ್ದರು, ಕೈ ಬೆರಳ ತುದಿಯವರೆಗೆ ಪ್ಲಾಸ್ಟರಿನಲ್ಲಿ. ಮಗ ಪಕ್ಕದಲ್ಲಿ ಎಳನೀರಿನ ಲೋಟ ಹಿಡಿದು ನಿಂತಿದ್ದ.

"ಹೇಳಜ್ಜಿ. ಕೈ ಹೆಂಗಾಯ್ತು?"

ಅಜ್ಜಿ ವಾಚರ್‌ನ ಪಟ್ಟಿ ನೋಡಿದರು. ಮಗನ ಕಡೆ ನೋಡಲಿಲ್ಲ.

"ಸ್ವಾಮಿ ಮೇಲೆ ಬಿದ್ದೆ."

"ಯಾರೂ ಹೊಡೀಲಿಲ್ವಾ?"

"ಬಿದ್ದೆ ಅಂದ್ನಲ್ಲಪ್ಪ. ಸ್ವಾಮಿ ಮೋಟ್ರು ಮನೆ ಹಿಂದಿದ್ದ, ಅದನ್ನೂ ಬರ್ಕೊ. ಅದು ಸುಳ್ಳಲ್ಲ." ಆಮೇಲೆ ಮಗನಿಗೆ ಹೇಳಿದರು. "ಈ ಹುಡುಗನ ಮೇಲೆ ಕೊಟ್ಟಿರೋದ್ನ ವಾಪಸ್ ತಗೊ. ಇಲ್ದಿದ್ರೆ ಇನ್ನೊಂದು ಸಲ ಹೇಳ್ತೀನಿ, ಸರಿಯಾಗಿ ಹೇಳ್ತೀನಿ."

ಮಗ ಲೋಟವನ್ನು ಅವರ ಬಾಯಿಗೆ ಹಿಡಿದ. ಹಿಂದಿನ ದಿನ ಹಾರೆ ಹಿಡಿದ ಕೈಯದು. ಅಜ್ಜಿ ಕುಡಿದರು.

ಕಾನ್‌ಸ್ಟೇಬಲ್ ನನ್ನನ್ನು ಕಿಟಕಿಯ ಹತ್ತಿರ ಕರೆದರು. "ಸರ್ವೆಯವ್ರು ಕಾಲು ಜಾರಿ ತಮ್ ಮೂಗಿಗೆ ಪೆಟ್ಟಾಯ್ತು ಅಂತ ಬರ್ಕೊಟ್ಟವ್ರೆ. ನಿಮ್ ಹೇಳಿಕೆಯೊಂದೇ ಬೇರೆ ಹೇಳ್ತಿದೆ. ನೀವೂ ಅಜ್ಜಿ ಬಿದ್ರು ಅಂದ್ರೆ ಮಗ, ವಾಚರ್ ಇಬ್ರೂ ಮನೆಗೆ. ಇಲ್ಲಾಂದ್ರೆ ಇಬ್ರೂ ಕೋರ್ಟಿಗೆ."

"ಇವನ ಹಣೆ?" ಎಂದೆ.

"ಹಣೆ ನಂದು ಮೇಷ್ಟ್ರೇ," ಎಂದ ವಾಚರ್. "ನಾಳೆ ಡ್ಯೂಟಿಗೆ ಬಾ ಅಂದವ್ರೆ, ಕೇಸ್ ಇಲ್ದಿದ್ರೆ."

ಕಿಟಕಿಯ ಕಟ್ಟೆಯ ಮೇಲೆ ಹಾಳೆಯಿಟ್ಟು ಬರೆದೆ: ಅಜ್ಜಿ ಕಲ್ಲಿನ ಮೇಲೆ ಬಿದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಓದಲು ಬರಲೆಂದು ಒಂದೊಂದೇ ಅಕ್ಷರ ಬಿಡಿಸಿ ಬರೆದೆ. ಸಹಿ ಮುಗಿಯುವುದಕ್ಕೆ ಮೊದಲೇ ವಾಚರ್ ಹಾಳೆಯ ಅಂಚು ಹಿಡಿದುಕೊಂಡಿದ್ದ. ನಾನು ಮನಸ್ಸು ಬದಲಿಸಿಬಿಡುತ್ತೇನೆ ಎಂದು ಅವನಿಗೆ ಹೆದರಿಕೆಯಿತ್ತು.